ಒಂದೇ ಪ್ರಕರಣದ ಅಧ್ಯಯನ ಸಂಶೋಧನೆಗೆ ಸಾಕೇ?

ನಮ್ಮ ವಿಶ್ವವಿದ್ಯಾಲಯಗಳ ಸಮಾಜವಿಜ್ಞಾನ, ವಾಣಿಜ್ಯ, ಶಿಕ್ಷಣ ಮತ್ತು ಸಮಾಜಕಾರ್ಯ ವಿಭಾಗಗಳಿಗೆ ಸಲ್ಲಿಕೆಯಾಗುವ ಮಹಾಪ್ರಬಂಧಗಳಲ್ಲಿ ಅನೇಕವು ‘ಒಂದು ಪ್ರಕರಣ ಅಧ್ಯಯನ’ ಎಂಬ ಉಪಶೀರ್ಷಿಕೆಯನ್ನು ಹೊತ್ತಿರುತ್ತವೆ. ವೈದ್ಯರು ಒಬ್ಬ ರೋಗಿಯನ್ನು, ಮಾನವಶಾಸ್ತ್ರಜ್ಞರು ಒಂದು ಹಳ್ಳಿಯನ್ನು, ನಿರ್ವಹಣಾಶಾಸ್ತ್ರದವರು ಒಂದು ಕಂಪನಿಯನ್ನು, ಎಂಜಿನಿಯರುಗಳು ಒಂದು ಅವಘಡವನ್ನು ಹಿಡಿದು ಅದರ ಒಳಹೊರಗನ್ನೆಲ್ಲ ಶೋಧಿಸುವುದು ಹಿಂದಿನಿಂದ ನಡೆದುಬಂದಿದೆ. ಹೀಗೆ ಒಂದನ್ನೇ ಆಳವಾಗಿ ಅಭ್ಯಸಿಸಿದರೆ ಆ ಒಂದರಾಚೆಗೂ ಸಲ್ಲುವ ತಿಳಿವಳಿಕೆ ದೊರೆಯುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ತರಗತಿಯಲ್ಲಿ ಚರ್ಚಿಸಲೆಂದು ಸಿದ್ಧಪಡಿಸುವ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದಾಗಿ ಪ್ರಸಿದ್ಧವಾದ ‘ಕೇಸ್’ಗಳು ಬೋಧನೆಯ ಸಾಧನಗಳಾದ್ದರಿಂದ ಅವನ್ನು ಈ ಚರ್ಚೆಗೆ ತಂದಿಲ್ಲ.

ಪರ: ಕಾರಣ ಬೇಕಾದವರು ಒಳಗಿಳಿಯಲೇಬೇಕು

1948ರಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರಿಗೆ ಸಮೀಪದ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದಕ್ಕೆ ‘ರಾಮಪುರ’ ಎಂಬ ಹೆಸರಿಟ್ಟರು. ಜಾತಿವ್ಯವಸ್ಥೆಯನ್ನು ಕುರಿತು ಅಲ್ಲಿಯವರೆಗೆ ವಿದ್ವಾಂಸರ ಕೈಯಲ್ಲಿದ್ದ ಆಕರಗಳು ಮುಖ್ಯವಾಗಿ ಎರಡು: ಧರ್ಮಶಾಸ್ತ್ರಗಳನ್ನು ಓದಿ ಕಟ್ಟಿಕೊಂಡ ನಾಲ್ಕು ವರ್ಣಗಳ ಶ್ರೇಣಿ ಮತ್ತು ಜನಗಣತಿಯ ಅಧಿಕಾರಿಗಳು ತಲೆ ಎಣಿಸಿ ತಯಾರಿಸಿದ ಜಾತಿಗಳ ಪಟ್ಟಿ. ಊರಿನ ವ್ಯಾಜ್ಯ ಯಾರ ಜಗಲಿಯ ಮೇಲೆ ತೀರ್ಮಾನವಾಗುತ್ತದೆ, ದಂಡ ಹಾಕುವವರು ಯಾರು, ಶ್ರೇಣಿಯಲ್ಲಿ ಮೇಲಿರುವವನೂ ಯಾರ ಮಾತನ್ನು ಮೀರಲಾರ ಎಂಬ ಪ್ರಶ್ನೆಗಳಿಗೆ ಈ ಎರಡರಲ್ಲಿಯೂ ಉತ್ತರವಿರಲಿಲ್ಲ. ರಾಮಪುರದಲ್ಲಿ ಒಕ್ಕಲಿಗರು ಸಂಖ್ಯೆಯಲ್ಲಿ ಹೆಚ್ಚಿದ್ದರು, ಭೂಮಿಯ ಬಹುಪಾಲು ಅವರ ಕೈಯಲ್ಲಿತ್ತು, ಊರಿನ ನ್ಯಾಯಪಂಚಾಯಿತಿ ಅವರ ಹಿರಿಯರ ಮುಂದೆಯೇ ನಡೆಯುತ್ತಿತ್ತು. ಆದರೆ ಆಚರಣೆಯ ಮಡಿಮೈಲಿಗೆಯ ಲೆಕ್ಕದಲ್ಲಿ ಅವರು ಶ್ರೇಣಿಯ ತುದಿಯಲ್ಲಿರಲಿಲ್ಲ. ಈ ಒಂದು ಊರಿನ ದಿನನಿತ್ಯದ ವ್ಯವಹಾರವನ್ನು ನೋಡುತ್ತ ನೋಡುತ್ತ ಶ್ರೀನಿವಾಸರು ರೂಪಿಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಇಂದು ಚುನಾವಣೆಯ ವಿಶ್ಲೇಷಣೆ ಮಾಡುವ ಪತ್ರಕರ್ತರ ಬಾಯಲ್ಲಿಯೂ ಇದೆ. ಅದಕ್ಕೂ ಮುನ್ನ, 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಅವರ ಅಧ್ಯಯನದಿಂದ, ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದನ್ನು ಸೂಚಿಸುವ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಬಂದಿತ್ತು. ಎರಡೂ ಒಂದೊಂದು ಸಮುದಾಯದ ಆಳದ ಅಧ್ಯಯನದಿಂದ ಹುಟ್ಟಿದವು. ನೂರು ಹಳ್ಳಿಗಳಿಗೆ ಪ್ರಶ್ನಾವಳಿ ಕಳುಹಿಸಿದ್ದರೆ ಎರಡೂ ಹುಟ್ಟುತ್ತಿರಲಿಲ್ಲ, ಏಕೆಂದರೆ ಯಾವುದನ್ನು ಕೇಳಬೇಕೆಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ.

ಶ್ರೀನಿವಾಸರು ರಾಮಪುರದಲ್ಲಿ ಇಷ್ಟು ಶೇಕಡಾ ಭೂಮಿ ಒಕ್ಕಲಿಗರದ್ದಾಗಿರುವುದರಿಂದ ಭಾರತದ ಎಲ್ಲ ಊರುಗಳಲ್ಲಿಯೂ ಹಾಗೆಯೇ ಇದೆ ಎಂದು ವಾದಿಸಲಿಲ್ಲ. ಅವರು ಹೊರಗೆ ಕಳುಹಿಸಿದ್ದು ಒಂದು ವಿಚಾರವನ್ನು: ಸಂಖ್ಯೆ, ಭೂಮಿ ಮತ್ತು ಅಧಿಕಾರ ಒಂದೆಡೆ ಸೇರಿದಾಗ ಶಾಸ್ತ್ರದ ಶ್ರೇಣಿ ಹಿಂದೆ ಸರಿಯುತ್ತದೆ ಎಂಬ ವಿಚಾರ. ಆ ವಿಚಾರವನ್ನು ಬೇರೆಯವರು ಬೇರೆ ಪ್ರದೇಶಗಳಿಗೆ ಒಯ್ದರು, ಕೆಲವೆಡೆ ಅದು ಹೊಂದಿತು, ಕೆಲವೆಡೆ ಹೊಂದಲಿಲ್ಲ, ಅದರ ಮೇಲೆ ವಾಗ್ವಾದಗಳಾದವು. ಪ್ರಕರಣ ಅಧ್ಯಯನದ ವಿಧಾನವನ್ನು ಕ್ರಮಬದ್ಧಗೊಳಿಸಿದವರಲ್ಲಿ ಪ್ರಮುಖನಾದ ರಾಬರ್ಟ್ ಯಿನ್ ಇಂಥದನ್ನು ವಿಶ್ಲೇಷಣಾತ್ಮಕ ಸಾಮಾನ್ಯೀಕರಣ ಎಂದು ಕರೆದು ಸಂಖ್ಯಾಶಾಸ್ತ್ರೀಯ ಸಾಮಾನ್ಯೀಕರಣದಿಂದ ಬೇರ್ಪಡಿಸುತ್ತಾನೆ. ಒಂದು ಪ್ರಕರಣವನ್ನು ಇಡೀ ಸಮೂಹದ ‘ಮಾದರಿ’ ಎಂದು ಭಾವಿಸಿ, ಬಳಿಕ ಮಾದರಿಯ ಗಾತ್ರ ಒಂದೇ ಎಂದು ಆಕ್ಷೇಪಿಸುವವರು ಈ ವ್ಯತ್ಯಾಸವನ್ನು ಗಮನಿಸಿಲ್ಲ.

ಮಂಡ್ಯದ ಎರಡು ಹಳ್ಳಿಗಳ ಉದಾಹರಣೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1954ರಿಂದ 1956ರವರೆಗೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಅವರು ಆ ಊರುಗಳಿಗೆ ಕೊಟ್ಟ ಹೆಸರು ವಂಗಲ ಮತ್ತು ದಲೇನ. ಕನ್ನಂಬಾಡಿ ಅಣೆಕಟ್ಟೆಯ ನಾಲೆಯ ನೀರು ವಂಗಲಕ್ಕೆ ಬಂತು, ಎತ್ತರದಲ್ಲಿದ್ದ ದಲೇನಕ್ಕೆ ಬರಲಿಲ್ಲ. ನೀರು ಬಂದು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗಿ, ಕೈಯಲ್ಲಿ ನಗದು ಆಡತೊಡಗಿದ ಊರಿನಲ್ಲಿ ಹಳೆಯ ಸಾಮಾಜಿಕ ಕಟ್ಟು ಸಡಿಲವಾಗಬೇಕು, ನೀರಿಲ್ಲದ ಊರು ಹಿಂದೆ ಇದ್ದಂತೆಯೇ ಇರಬೇಕು ಎಂದು ಯಾರಾದರೂ ಊಹಿಸುತ್ತಿದ್ದರು. ಎಪ್‌ಸ್ಟೈನ್ ಕಂಡದ್ದು ಇದರ ತಿರುವುಮುರುವು. ವಂಗಲದ ರೈತರಿಗೆ ಗದ್ದೆಯಲ್ಲಿಯೇ ಕೈತುಂಬ ಕೆಲಸ ಸಿಕ್ಕಿತು. ಕಬ್ಬಿಗೆ ಆಳುಗಳ ಅಗತ್ಯ ಹೆಚ್ಚಾದ್ದರಿಂದ, ದಲಿತ ಕುಟುಂಬಗಳನ್ನು ಒಕ್ಕಲು ಮನೆಗಳಿಗೆ ತಲೆಮಾರುಗಳಿಂದ ಕಟ್ಟಿಹಾಕಿದ್ದ, ಸುಗ್ಗಿಯಲ್ಲಿ ಧಾನ್ಯ ಅಳೆದುಕೊಡುವ ‘ಹಳೇಮಗ’ ಪದ್ಧತಿಯಂಥ ಸಂಬಂಧಗಳನ್ನು ಉಳಿಸಿಕೊಳ್ಳುವುದೇ ಅವರಿಗೆ ಲಾಭದಾಯಕವಾಯಿತು. ದಲೇನದವರಾದರೋ ಸುತ್ತಲಿನ ನೀರಾವರಿಯ ಏಳಿಗೆಯಲ್ಲಿ ತಮ್ಮ ಪಾಲು ಪಡೆಯಲು ಊರ ಹೊರಗೆ ಕಾಲಿಡಬೇಕಾಯಿತು: ಮಂಡ್ಯದಲ್ಲಿ ನೌಕರಿ ಹಿಡಿದರು, ವ್ಯಾಪಾರಕ್ಕೆ ಇಳಿದರು, ನೀರಾವರಿಯಿದ್ದ ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ದುಡಿಮೆಯ ದಾರಿ ಬದಲಾದಂತೆ ಒಡೆಯ ಮತ್ತು ಆಳಿನ ಹಳೆಯ ನಂಟು ಅಲ್ಲಿ ಕಳಚಿಕೊಂಡಿತು. ಬದಲಾವಣೆ ಹೆಚ್ಚಾಗಿ ಆದದ್ದು ಒಣಭೂಮಿಯ ಊರಿನಲ್ಲಿ.

ಮಂಡ್ಯ ಜಿಲ್ಲೆಯ ಸರಾಸರಿ ಆದಾಯ, ಸರಾಸರಿ ಸಾಕ್ಷರತೆ, ಸರಾಸರಿ ನೀರಾವರಿ ಪ್ರದೇಶಗಳ ಕೋಷ್ಟಕವನ್ನು ಎಷ್ಟು ತಿರುವಿ ಹಾಕಿದರೂ ಈ ಸಂಗತಿ ಹೊರಬರುತ್ತಿರಲಿಲ್ಲ. ನೀರಾವರಿಗೂ ಸಾಮಾಜಿಕ ಬದಲಾವಣೆಗೂ ಸಂಬಂಧವಿದೆಯೇ ಎಂಬುದಕ್ಕೆ ಕೋಷ್ಟಕ ‘ಇದೆ’ ಅಥವಾ ‘ಇಲ್ಲ’ ಎನ್ನಬಲ್ಲದು. ಆ ಸಂಬಂಧ ಯಾರ ಮನೆಯ ಯಾವ ಲೆಕ್ಕಾಚಾರದ ಮೂಲಕ ಹಾದುಬರುತ್ತದೆ ಎಂಬುದನ್ನು ತಿಳಿಯಲು ಆ ಮನೆಗಳಿಗೇ ಹೋಗಬೇಕಾಗುತ್ತದೆ. ಎಪ್‌ಸ್ಟೈನ್ 1970ರಲ್ಲಿ ಅದೇ ಎರಡು ಊರುಗಳಿಗೆ ಮರಳಿ ಬಂದು ತಾವು ಹಿಂದೆ ಹೇಳಿದ್ದನ್ನು ಪರೀಕ್ಷಿಸಿದರೆಂಬುದನ್ನೂ ಇಲ್ಲಿ ಹೇಳಬೇಕು. ಸಮೀಕ್ಷೆಯಲ್ಲಿ ಉತ್ತರಿಸಿದವರನ್ನು ಹದಿನೈದು ವರ್ಷಗಳ ನಂತರ ಹುಡುಕಿಕೊಂಡು ಹೋಗುವವರು ವಿರಳ.

ವೈದ್ಯಕೀಯದಲ್ಲಿ ಒಂದೇ ಪ್ರಕರಣದ ಬೆಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1953ರಲ್ಲಿ ಅಮೆರಿಕದಲ್ಲಿ ತೀವ್ರ ಮೂರ್ಛೆರೋಗದಿಂದ ಬಳಲುತ್ತಿದ್ದ 27 ವರ್ಷದ ಹೆನ್ರಿ ಮೊಲೈಸನ್ ಎಂಬ ಯುವಕನ ಮೆದುಳಿನ ಎರಡೂ ಬದಿಗಳಿಂದ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳನ್ನು ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್ ತೆಗೆದುಹಾಕಿದರು. ಮೂರ್ಛೆ ಬಹುಮಟ್ಟಿಗೆ ತಗ್ಗಿತು, ಆದರೆ ಹೊಸದೇನನ್ನೂ ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿ ಹೋಯಿತು. ವಿದ್ವತ್ ಪತ್ರಿಕೆಗಳಲ್ಲಿ ದಶಕಗಳ ಕಾಲ ‘ಎಚ್. ಎಂ.’ ಎಂದಷ್ಟೇ ಕರೆಯಲಾಗುತ್ತಿದ್ದ ಈ ವ್ಯಕ್ತಿಗೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಒಂದು ಪರೀಕ್ಷೆ ಕೊಟ್ಟರು: ಕೈ ನೇರವಾಗಿ ಕಾಣದಂತೆ ಮರೆಮಾಡಿ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು, ನಕ್ಷತ್ರಾಕೃತಿಯ ಎರಡು ಗೆರೆಗಳ ನಡುವೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಮೊದಲ ದಿನ ಗೆರೆ ಅಂಕುಡೊಂಕಾಗಿ ಅಂಚು ದಾಟಿತು. ಮೂರನೆಯ ದಿನದ ಹೊತ್ತಿಗೆ ಕೈ ಪಳಗಿತ್ತು. ಆದರೆ ಪ್ರತಿ ಸಲವೂ ಅವರು ಈ ಪರೀಕ್ಷೆಯನ್ನು ತಾನು ಹಿಂದೆಂದೂ ಮಾಡಿಲ್ಲವೆಂದೇ ತಿಳಿದಿದ್ದರು. ಕೈಗೆ ಬಂದ ಪಳಗು ಒಂದು ಬಗೆಯ ನೆನಪು, ನಡೆದದ್ದರ ಅರಿವು ಇನ್ನೊಂದು ಬಗೆಯದು, ಎರಡಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಆಸರೆಗಳಿವೆ ಎಂಬುದು ಇದರಿಂದ ತಿಳಿಯಿತು. ನೆನಪು ಎಂಬುದು ಒಂದೇ ಶಕ್ತಿ ಎಂಬ ಸಾರ್ವತ್ರಿಕ ಹೇಳಿಕೆಯನ್ನು ಬೀಳಿಸಲು ಒಬ್ಬ ಮನುಷ್ಯ ಸಾಕಾದ. ಎರಡನೆಯವನು ಬೇಕೆಂದು ತರ್ಕಶಾಸ್ತ್ರ ಕೇಳುವುದಿಲ್ಲ.

ಹೊಸ ರೋಗಗಳು ಮೊದಲು ಕಾಣಿಸಿಕೊಳ್ಳುವುದೂ ಬಿಡಿ ಪ್ರಕರಣಗಳಾಗಿಯೇ. 1981ರ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾದ ವರದಿ ಬಂತು. ಏಡ್ಸ್ ಎಂದು ನಾವು ಇಂದು ಕರೆಯುವ ರೋಗದ ಮೊದಲ ಪ್ರಕಟಿತ ದಾಖಲೆ ಅದೇ. ಐದರ ಮಾದರಿಯಿಂದ ಏನನ್ನೂ ಹೇಳಲಾಗದೆಂದು ಸಂಪಾದಕರು ಅದನ್ನು ಹಿಂದಿರುಗಿಸಿದ್ದರೆ ಅದು ಶಾಸ್ತ್ರೀಯ ಎಚ್ಚರಿಕೆ ಎನಿಸಿಕೊಳ್ಳುತ್ತಿರಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬೀಳುತ್ತಿದ್ದುದನ್ನೂ ಸುತ್ತಲ ಹಳ್ಳಿಗರಿಗೆ ಜ್ವರ ಬರುತ್ತಿದ್ದುದನ್ನೂ ಜೋಡಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆಯ ವೈರಾಣು ಪತ್ತೆಯಾಯಿತು.

ಎಂಜಿನಿಯರಿಂಗ್‌ನಲ್ಲಿ ಬೇರೆ ದಾರಿಯೇ ಇಲ್ಲದ ಸಂದರ್ಭಗಳಿವೆ. 2021ರ ಆಗಸ್ಟ್ 12ರಂದು ಶ್ರೀಹರಿಕೋಟದಿಂದ ಹಾರಿದ ಜಿಎಸ್‌ಎಲ್‌ವಿ-ಎಫ್10 ರಾಕೆಟ್ಟಿನ ಮೇಲಿನ ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳಲಿಲ್ಲ. ಇಸ್ರೊ ನೇಮಿಸಿದ ವೈಫಲ್ಯ ವಿಶ್ಲೇಷಣಾ ಸಮಿತಿ ಹಾರಾಟದ ದತ್ತಾಂಶವನ್ನು ಕ್ಷಣಕ್ಷಣವಾಗಿ ಬಿಡಿಸಿ, ದ್ರವ ಜಲಜನಕದ ಟ್ಯಾಂಕಿನಲ್ಲಿ ಒತ್ತಡ ಕುಸಿದದ್ದನ್ನೂ, ಅದಕ್ಕೆ ಒಂದು ಕವಾಟದ ಸೋರಿಕೆ ಕಾರಣವೆಂಬುದನ್ನೂ ಗುರುತಿಸಿತು. ಅದಕ್ಕೆ ತಕ್ಕ ಮಾರ್ಪಾಟುಗಳಾದ ಮೇಲೆ 2023ರ ಮೇ ತಿಂಗಳಲ್ಲಿ ಮುಂದಿನ ಜಿಎಸ್‌ಎಲ್‌ವಿ ಯಶಸ್ವಿಯಾಗಿ ಹಾರಿತು. ಮೂವತ್ತು ರಾಕೆಟ್ಟುಗಳನ್ನು ಬೀಳಿಸಿ ಸರಾಸರಿ ತೆಗೆಯುವವರೆಗೆ ಕಾಯಿರಿ ಎಂದು ಯಾರೂ ಆ ಸಮಿತಿಗೆ ಹೇಳಲಿಲ್ಲ.

ಸಂಶೋಧಕನು ತನಗೆ ಬೇಕಾದ್ದನ್ನೇ ಪ್ರಕರಣದಲ್ಲಿ ಕಾಣುತ್ತಾನೆ ಎಂಬ ಆಕ್ಷೇಪಕ್ಕೆ ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್‌ನ ಕಥೆಯೇ ಉತ್ತರ. ಪ್ರಯೋಗಾತ್ಮಕ ವಿನ್ಯಾಸಗಳ ಬಗ್ಗೆ 1963ರಲ್ಲಿ ಜೂಲಿಯನ್ ಸ್ಟಾನ್ಲಿಯ ಜೊತೆ ಬರೆದ ಕೃತಿಯಲ್ಲಿ ಒಂಟಿ ಪ್ರಕರಣದ ಅಧ್ಯಯನಕ್ಕೆ ವೈಜ್ಞಾನಿಕ ಮೌಲ್ಯ ಇಲ್ಲವೆನ್ನುವಷ್ಟು ಕಡಿಮೆ ಎಂದು ತೀರ್ಪಿತ್ತವನು ಅವನು. ಒಂದು ಪೀಳಿಗೆಯ ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿದರು. 1975ರಲ್ಲಿ ಅವನೇ ಆ ಮಾತನ್ನು ಹಿಂತೆಗೆದುಕೊಂಡ. ಎಚ್ಚರಿಕೆಯಿಂದ ಕೆಲಸ ಮಾಡುವ ಕ್ಷೇತ್ರ ಸಂಶೋಧಕನ ಸಿದ್ಧಾಂತ ಪ್ರಕರಣದ ಹತ್ತಾರು ವಿವರಗಳನ್ನು ಮೊದಲೇ ಊಹಿಸಬೇಕಾಗುತ್ತದೆ, ಆ ಒಂದೊಂದು ವಿವರವೂ ಸಿದ್ಧಾಂತವನ್ನು ಸುಳ್ಳಾಗಿಸಬಲ್ಲದು, ಮತ್ತು ಇಂಥ ಅಧ್ಯಯನಗಳಿಂದ ಹಿಂದಿರುಗಿದವರು ಹೋಗುವಾಗ ಹೊತ್ತೊಯ್ದ ನಂಬಿಕೆಯನ್ನು ಅನೇಕ ಸಲ ಬಿಟ್ಟುಬಂದಿರುತ್ತಾರೆ ಎಂಬುದು ಅವನ ಹೊಸ ವಾದವಾಗಿತ್ತು. ಪ್ರಶ್ನಾವಳಿಯ ನಾಲ್ಕು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕುವ ಉತ್ತರದಾರನಿಗೆ ‘ನಿಮ್ಮ ಪ್ರಶ್ನೆಯೇ ತಪ್ಪು ಸ್ವಾಮಿ’ ಎಂದು ಹೇಳಲು ಜಾಗವಿಲ್ಲ. ಜಗಲಿಯ ಮೇಲೆ ಎದುರಿಗೆ ಕುಳಿತ ರೈತ ಅದನ್ನು ಮೊದಲ ವಾರದಲ್ಲಿಯೇ ಹೇಳಿಬಿಡುತ್ತಾನೆ.

ವಿರೋಧ: ಸುಳಿವನ್ನು ಪುರಾವೆ ಎನ್ನಲಾಗದು

ಪ್ರಕರಣ ಅಧ್ಯಯನದ ಪರವಾಗಿ ಮಾತನಾಡುವವರು ಯಾವಾಗಲೂ ಗೆದ್ದ ಪ್ರಕರಣಗಳನ್ನೇ ಸಾಲಾಗಿ ನಿಲ್ಲಿಸುತ್ತಾರೆ. ಎಚ್. ಎಂ., ರಾಮಪುರ, ಲಾಸ್ ಏಂಜಲೀಸ್‌ನ ಐವರು: ಇವೆಲ್ಲ ನಮಗೆ ನೆನಪಿರುವುದು ಮುಂದೆ ಬೇರೆ ಬೇರೆ ವಿಧಾನಗಳ ಸಾವಿರಾರು ಅಧ್ಯಯನಗಳು ಅಥವಾ ಬೇರೆ ಊರುಗಳ ಸಂಶೋಧನೆಗಳು ಅವನ್ನು ಎತ್ತಿಹಿಡಿದದ್ದರಿಂದ. ಅಷ್ಟೇ ಆಳವಾಗಿ, ಅಷ್ಟೇ ಪ್ರಾಮಾಣಿಕವಾಗಿ ಬರೆದು ಮುಂದೆ ಸುಳ್ಳಾದ ಪ್ರಕರಣಗಳು ಕಪಾಟಿನಲ್ಲಿ ಉಳಿದಿವೆ. ಬರೆದ ದಿನ ಎರಡನ್ನೂ ಓದಿದವನಿಗೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಹೇಳಲು ಆ ಪ್ರಕರಣದ ಒಳಗೆ ಯಾವ ಗುರುತೂ ಇರಲಿಲ್ಲ. ನನ್ನ ಮುಖ್ಯ ಆಕ್ಷೇಪ ಇದು.

ಬಿದ್ದವುಗಳಲ್ಲಿ ಕೆಲವನ್ನು ನೋಡಬಹುದು. ವಿಯೆನ್ನಾದ ವೈದ್ಯ ಜೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ಒಬ್ಬ ಯುವತಿಗೆ ಮಾತಿನ ಮೂಲಕ ಚಿಕಿತ್ಸೆ ನೀಡಿದ. 1895ರಲ್ಲಿ ಫ್ರಾಯ್ಡ್ ಜೊತೆ ಪ್ರಕಟಿಸಿದ ಕೃತಿಯಲ್ಲಿ ‘ಆನಾ ಓ.’ ಎಂಬ ಹೆಸರಿನಿಂದ ಅವಳ ಪ್ರಕರಣ ಬಂತು, ಮನೋವಿಶ್ಲೇಷಣೆಯ ಇಡೀ ಪರಂಪರೆ ಅದನ್ನು ತನ್ನ ತಳಪಾಯಗಳಲ್ಲಿ ಒಂದೆಂದು ಎಣಿಸಿತು. ಚಿಕಿತ್ಸೆ ಮುಗಿಯಿತೆಂದು ಹೇಳಲಾದ 1882ರಲ್ಲಿಯೇ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್‌ನ ಚಿಕಿತ್ಸಾಲಯಕ್ಕೆ ಸೇರಿಸಲಾಗಿತ್ತು ಎಂಬುದು ಇತಿಹಾಸಕಾರರು ದಾಖಲೆಗಳನ್ನು ಹುಡುಕಿದಾಗ, ಸುಮಾರು ತೊಂಬತ್ತು ವರ್ಷಗಳ ನಂತರ, ಹೊರಬಂತು. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 12 ಮಕ್ಕಳ ಪ್ರಕರಣಗಳನ್ನು ಒಳಗೊಂಡ ಒಂದು ಲೇಖನವನ್ನು ಪ್ರಕಟಿಸಿ, ದಡಾರ ಮತ್ತಿತರ ರೋಗಗಳ ವಿರುದ್ಧದ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂಬ ಭಯಕ್ಕೆ ದಾರಿ ಮಾಡಿತು. ಲೇಖನವನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಇಳಿದಿತ್ತು. ಅಲ್ಲಿ ವಂಚನೆಯೂ ನಡೆದಿತ್ತೆಂಬುದು ನಿಜ. ಆದರೆ ಆ ವಂಚನೆಗೆ ಹನ್ನೆರಡೇ ಮಕ್ಕಳು ಸಾಕಾದದ್ದು, ಹೋಲಿಸಿ ನೋಡಲು ಇನ್ನೊಂದು ಗುಂಪನ್ನು ಕೇಳದ ಬರವಣಿಗೆಯ ಪ್ರಕಾರವನ್ನು ಪತ್ರಿಕೆ ಒಪ್ಪಿಕೊಂಡದ್ದರಿಂದ.

ಮಲೆನಾಡಿನಲ್ಲಿಯೇ ಇನ್ನೊಂದು ಉದಾಹರಣೆಯಿದೆ. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಮತ್ತು ಸುತ್ತಲ ಊರುಗಳಲ್ಲಿ ಕೀಲುಗಳು ಕೆಟ್ಟು ನಡೆಯಲಾಗದೆ ತೆವಳುವಂತಾದ ಜನರು ಬೆಳಕಿಗೆ ಬಂದರು. ರೋಗಿಗಳು ಹೆಚ್ಚಾಗಿ ಬಡ ದಲಿತ ಕುಟುಂಬಗಳವರು. ಗದ್ದೆಯ ಏಡಿಗಳನ್ನು ಹಿಡಿದು ತಿನ್ನುವವರು. ಗದ್ದೆಗಳಿಗೆ ಆಗಷ್ಟೇ ಕೀಟನಾಶಕ ಬರತೊಡಗಿತ್ತು. ಏಡಿಯ ಮೂಲಕ ವಿಷ ಮೈಸೇರಿದೆ ಎಂಬ ವಿವರಣೆ ಎಷ್ಟು ಸರಾಗವಾಗಿ ಹೊಂದಿಕೊಂಡಿತೆಂದರೆ ಅದು ವರ್ಷಗಟ್ಟಲೆ ಬರಹದಿಂದ ಬರಹಕ್ಕೆ ಸಾಗಿತು. ಮುಂದೆ ಕುಟುಂಬಗಳ ವಂಶವೃಕ್ಷಗಳನ್ನು ಬರೆದು ನೋಡಿದಾಗ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕ್ರಮ ಆನುವಂಶಿಕ ಕಾಯಿಲೆಯನ್ನು ತೋರಿಸಿತು. ಅದೇ ಏಡಿಯನ್ನು ತಿಂದೂ ರೋಗ ಬಾರದ ಮನೆಗಳೆಷ್ಟು ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು, ಮತ್ತು ಆ ಪ್ರಶ್ನೆಯನ್ನು ಕೇಳಿದ ಕ್ಷಣವೇ ನಾವು ಪ್ರಕರಣ ಅಧ್ಯಯನದಿಂದ ಹೊರಗೆ ಬಂದಿರುತ್ತೇವೆ. ಪರವಾಗಿ ಉದಾಹರಿಸಲಾಗುವ ಮಂಗನ ಕಾಯಿಲೆಯದೂ ಇದೇ ಪಾಠ: ಮಂಗಗಳ ಸಾವನ್ನು ಕಂಡವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ, ಉಣುಗುಗಳನ್ನು ಹಿಡಿದು ಪರೀಕ್ಷಿಸಿದ ಬಳಿಕವೇ ಅದು ಬೇರೆಯೇ ರೋಗವೆಂದು ಖಚಿತವಾಯಿತು.

ಪ್ರಕರಣ ಒಂದೇ ಆಗಿದ್ದಾಗ ನೋಡುವ ಕಣ್ಣು ಬದಲಾದರೆ ಫಲಿತಾಂಶವೇ ಬದಲಾಗುತ್ತದೆಂಬುದಕ್ಕೆ ಮೆಕ್ಸಿಕೊದ ಟೆಪೊಜ್‌ಟ್ಲಾನ್ ಎಂಬ ಹಳ್ಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1926-27ರಲ್ಲಿ ಅಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡ್ ಹೊಂದಾಣಿಕೆಯಿಂದ, ನೆಮ್ಮದಿಯಿಂದ ಬಾಳುವ ಜನರನ್ನು ಕಂಡ. 1943ರಲ್ಲಿ ಹೋದ ಆಸ್ಕರ್ ಲೂಯಿಸ್ ಅದೇ ಊರಿನಲ್ಲಿ ಜಗಳ, ಅಸೂಯೆ, ಭಯ, ಬಡತನಗಳನ್ನು ಕಂಡ. ಊರು ಅಷ್ಟರಲ್ಲಿ ಬದಲಾಗಿತ್ತು ಎಂಬ ಸಮಾಧಾನ ಹಲವರಿಗೆ ಒಪ್ಪಿಗೆಯಾಗಲಿಲ್ಲ. ಈ ಜನ ಯಾವುದರಲ್ಲಿ ಸಂತೋಷಪಡುತ್ತಾರೆ ಎಂಬುದು ತನ್ನ ಒಳಗಿನ ಪ್ರಶ್ನೆಯಾಗಿತ್ತು, ಯಾವುದರಿಂದ ನರಳುತ್ತಾರೆ ಎಂಬುದು ಲೂಯಿಸನ ಪ್ರಶ್ನೆಯಾಗಿತ್ತು ಎಂದು ರೆಡ್‌ಫೀಲ್ಡ್ ಮುಂದೆ ವಿವರಿಸಿದ. ಎಷ್ಟು ಸಜ್ಜನಿಕೆಯ ವಿವರಣೆಯೋ ವಿಧಾನದ ದೃಷ್ಟಿಯಿಂದ ಅಷ್ಟೇ ದೊಡ್ಡ ಒಪ್ಪಿಗೆ ಅದು. ರಾಮಪುರವನ್ನಾದರೂ ಶ್ರೀನಿವಾಸರು ನೋಡಿದ್ದು ಹೆಚ್ಚಾಗಿ ಊರ ಪಟೇಲರ ಮನೆಯ ಕಡೆಯಿಂದ, ಮೇಲುಜಾತಿಯವರ ಒಡನಾಟದಿಂದ. ಆ ಮಿತಿಯನ್ನು ಅವರೂ ಬಲ್ಲರು. ಜೊತೆಗೆ 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರು ಸಂಸ್ಕರಿಸಿ ಬರೆದಿಟ್ಟಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದವು, ಮತ್ತು ಆ ಊರಿನ ಕುರಿತ ಅವರ ಪ್ರಸಿದ್ಧ ಗ್ರಂಥ ಬಹುಮಟ್ಟಿಗೆ ನೆನಪಿನಿಂದ ಬಂತು. ಗದ್ಯವಾಗಿ ಅದು ಮನೋಹರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ‘ಹೀಗೆಂದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವ ಓದುಗನಿಗೆ ಲೇಖಕನ ಮೇಲಿನ ವಿಶ್ವಾಸದ ಹೊರತು ತೋರಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಅತ್ಯಂತ ಕೂಲಂಕಷವಾಗಿ ಪರೀಕ್ಷಿಸಲಾದ ಪ್ರಕರಣದಲ್ಲಿಯೂ ಮೂಲ ಸಂಗತಿಯೇ ಅರ್ಧ ತಪ್ಪಾಗಿರಬಹುದು. ಎಚ್. ಎಂ. 2008ರಲ್ಲಿ ತೀರಿಕೊಂಡ ಮೇಲೆ, ಮರುವರ್ಷ ಅವರ ಮೆದುಳನ್ನು 2,401 ತೆಳುಪದರಗಳಾಗಿ ಕತ್ತರಿಸಿ ಪರಿಶೀಲಿಸಲಾಯಿತು. ತೆಗೆದುಹಾಕಲಾಗಿದೆ ಎಂದು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಅಂದಾಜಿಸಿದ್ದ ಹಿಪೊಕ್ಯಾಂಪಸ್‌ನ ಗಣನೀಯ ಭಾಗ ಅಲ್ಲಿಯೇ ಉಳಿದಿತ್ತು. ಬದುಕಿದ್ದಾಗ ತೆಗೆದ ಸ್ಕ್ಯಾನ್‌ಗಳೂ 1990ರ ದಶಕದಲ್ಲಿ ಇದನ್ನು ಸೂಚಿಸಿದ್ದವು. ಹಾಗೆಂದು ಮಿಲ್ನರ್ ಕಂಡುಕೊಂಡದ್ದು ಬಿದ್ದುಹೋಗಲಿಲ್ಲ, ಆದರೆ ಅದನ್ನು ಕಾಪಾಡಿದ್ದು ಇತರ ರೋಗಿಗಳು ಮತ್ತು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಲದೇ ಎಂದು ಈ ವಿಧಾನದ ಸಮರ್ಥಕರು ಆಗಾಗ ಕೇಳುವುದುಂಟು. ಸಾಲುತ್ತದೆ, ಏಕೆಂದರೆ ಪಾತ್ರೆ ಒಂದೇ, ನೀರು ಒಂದೇ, ಉರಿ ಒಂದೇ. ಹಾಲಿನ ಸಹಕಾರ ಸಂಘಗಳ ವಿಷಯದಲ್ಲಿ ಗುಜರಾತಿನ ಖೇಡಾ ಜಿಲ್ಲೆಗೂ ಬಿಹಾರದ ಜಿಲ್ಲೆಗಳಿಗೂ ಉರಿ ಒಂದೇ ಆಗಿರಲಿಲ್ಲ. 1964ರ ಅಕ್ಟೋಬರ್ ಕೊನೆಯಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಗ ಖೇಡಾ ಜಿಲ್ಲೆಯಲ್ಲಿದ್ದ ಆನಂದ್ ಬಳಿಯ ಅಜರಪುರ ಎಂಬ ಹಳ್ಳಿಯ ರೈತನ ಮನೆಯಲ್ಲಿ ಒಂದು ರಾತ್ರಿ ತಂಗಿ, ಊರಿನವರನ್ನು ಮಾತನಾಡಿಸಿದರು. ಮಣ್ಣು, ಮಳೆ, ಎಮ್ಮೆ ಯಾವುದರಲ್ಲಿಯೂ ಇಲ್ಲಿ ಹೆಚ್ಚುಗಾರಿಕೆ ಕಾಣಲಿಲ್ಲ, ಡೇರಿ ರೈತರದ್ದೇ ಆಗಿರುವುದೊಂದೇ ವ್ಯತ್ಯಾಸ ಎಂದು ಅವರು ಹೇಳಿದ್ದಾಗಿ, ಆನಂದ್‌ನ ಸಹಕಾರಿ ಡೇರಿಯಾದ ಅಮೂಲ್ ಅನ್ನು ಮುನ್ನಡೆಸಿದ ವರ್ಗೀಸ್ ಕುರಿಯನ್ ನೆನೆದಿದ್ದಾರೆ. ಮರುವರ್ಷ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟಿತು, 1970ರಲ್ಲಿ ಆ ಮಾದರಿಯನ್ನು ದೇಶಕ್ಕೆ ಹರಡುವ ‘ಆಪರೇಷನ್ ಫ್ಲಡ್’ ಯೋಜನೆ ಆರಂಭವಾಯಿತು. ಒಂದು ಊರಿನ ಒಂದು ರಾತ್ರಿಯ ಅಧ್ಯಯನದಿಂದ ದೇಶದ ನೀತಿಯೇ ಹೊರಟಿತೆಂದು ಮೆಚ್ಚಬಹುದು. ಕರ್ನಾಟಕದಲ್ಲಿ ಆ ಮಾದರಿ ಚೆನ್ನಾಗಿ ಬೇರೂರಿತು, ನಮ್ಮ ನಂದಿನಿ ಅದರ ಫಲ. ಉತ್ತರದ ಹಲವು ರಾಜ್ಯಗಳಲ್ಲಿ ಹಾಗಾಗಲಿಲ್ಲ. ಖೇಡಾದಲ್ಲಿ ತ್ರಿಭುವನದಾಸ ಪಟೇಲರಂಥ ನಾಯಕರಿದ್ದರು, ಸ್ವಾತಂತ್ರ್ಯ ಚಳವಳಿಯಲ್ಲಿ ಪಳಗಿದ ಸಂಘಟನೆಯಿತ್ತು, ರೈಲಿನಲ್ಲಿ ಒಂದು ರಾತ್ರಿಯ ದಾರಿಯಲ್ಲಿ ಬೊಂಬಾಯಿಯ ಮಾರುಕಟ್ಟೆಯಿತ್ತು. ಇವುಗಳಲ್ಲಿ ಯಾವುದು ಅನಿವಾರ್ಯ, ಯಾವುದು ಆಕಸ್ಮಿಕ ಎಂಬುದನ್ನು ಆನಂದ್ ಒಂದನ್ನೇ ನೂರು ರಾತ್ರಿ ನೋಡಿದರೂ ಹೇಳಲಾಗುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲವೂ ಒಟ್ಟಿಗೇ ಇದ್ದವು.

ಯಶಸ್ಸನ್ನೇ ಆರಿಸಿ ಅಧ್ಯಯನ ಮಾಡುವ ರೂಢಿ ಇದಕ್ಕೆ ಸೇರಿದಾಗ ಕೆಡುಕು ಇಮ್ಮಡಿಯಾಗುತ್ತದೆ. ಅಮೆರಿಕದ ಇಬ್ಬರು ಸಲಹೆಗಾರರು 1982ರಲ್ಲಿ 43 ಅತ್ಯುತ್ತಮ ಕಂಪನಿಗಳನ್ನು ಆಯ್ದು ಅವುಗಳ ಸಮಾನ ಗುಣಗಳನ್ನು ಪಟ್ಟಿಮಾಡಿದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅವುಗಳಲ್ಲಿ ಒಂದಾದ ವಿಡಿಯೊ ಗೇಮ್ ಕಂಪನಿ ಅಟಾರಿ ಎರಡು ವರ್ಷ ಕಳೆಯುವುದರೊಳಗೆ ಭಾರಿ ನಷ್ಟದಲ್ಲಿ ಮುಳುಗಿ ಹರಿದು ಹಂಚಿಹೋಯಿತು. ಅದೇ ಗುಣಗಳಿದ್ದೂ ಸೋತ ಕಂಪನಿಗಳನ್ನು ಯಾರೂ ಹುಡುಕಿರಲಿಲ್ಲ. ಕಿರುಸಾಲದ ಕಥೆಯೂ ಹೀಗೆಯೇ. ಹತ್ತು ಸಾವಿರ ಸಾಲ ಪಡೆದು ಎಮ್ಮೆ ಕೊಂಡು ಮಗಳನ್ನು ಓದಿಸಿದ ಮಹಿಳೆಯ ಭಾವಚಿತ್ರ ಸಂಸ್ಥೆಗಳ ವಾರ್ಷಿಕ ವರದಿಗಳ ಮುಖಪುಟದಲ್ಲಿ ಬರುತ್ತಿದ್ದ ಕಾಲದಲ್ಲಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಹೋದ್ಯೋಗಿಗಳು ಹೈದರಾಬಾದಿನ 104 ಬಡಾವಣೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಅರ್ಧದಷ್ಟಕ್ಕೆ ಮಾತ್ರ ಕಿರುಸಾಲ ಸಂಸ್ಥೆಯ ಶಾಖೆ ಬರುವಂತೆ ನೋಡಿಕೊಂಡು, ಎರಡೂ ಕಡೆಯ ಮನೆಗಳನ್ನು ಹೋಲಿಸಿದರು. ಕೆಲವರ ವ್ಯಾಪಾರಕ್ಕೆ ಅನುಕೂಲವಾಗಿತ್ತು. ಮಕ್ಕಳ ಶಿಕ್ಷಣ, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗಿರುವ ಬೆಲೆ ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಖಪುಟದ ಮಹಿಳೆಯ ಕಥೆ ಸುಳ್ಳಾಗಿರಲಿಲ್ಲ. ಆಕೆ ಸಾಲವಿಲ್ಲದೆಯೂ ಹಾಗೆಯೇ ಏಳಿಗೆ ಹೊಂದುತ್ತಿದ್ದಳೇ ಎಂಬುದನ್ನು ಆಕೆಯ ಕಥೆಯಿಂದ ತಿಳಿಯುವ ಉಪಾಯವಿರಲಿಲ್ಲ.

ಮಂಡ್ಯದ ಹಳ್ಳಿಗಳನ್ನು ಪರವಾದಿಗಳು ತಮ್ಮ ಬತ್ತಳಿಕೆಯ ಒಳ್ಳೆಯ ಬಾಣವೆಂದು ಎತ್ತಿಕೊಳ್ಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಎಪ್‌ಸ್ಟೈನ್ ವಂಗಲವೊಂದನ್ನೇ ನೋಡಿ ಬಂದಿದ್ದರೆ, ಈ ಜನ ಸಂಪ್ರದಾಯಪ್ರಿಯರು, ನಾಲೆ ಬಂದರೂ ಬದಲಾಗದವರು ಎಂದು ಬರೆಯುವ ಅಪಾಯವಿತ್ತು. ಅವರನ್ನು ಅದರಿಂದ ಪಾರುಮಾಡಿದ್ದು ದಲೇನ, ಅಂದರೆ ಹೋಲಿಕೆ. ಇನ್ನು ರಾಕೆಟ್ಟಿನ ಮಾತು: ಕವಾಟ ಸೋರಿದರೆ ಒತ್ತಡ ಕುಸಿಯುತ್ತದೆಂಬುದನ್ನು ಸಮಿತಿ ಆ ಒಂದು ಹಾರಾಟದಿಂದ ಕಲಿಯಲಿಲ್ಲ, ನೆಲದ ಮೇಲೆ ಸಾವಿರ ಸಲ ಪರೀಕ್ಷಿಸಿದ ಭೌತವಿಜ್ಞಾನ ಅದರ ಕೈಯಲ್ಲಿತ್ತು. ಹಳ್ಳಿಗೂ ಕಂಪನಿಗೂ ಶಾಲೆಗೂ ಅಂಥ ಸಿದ್ಧ ನಿಯಮಗಳು ನಮ್ಮಲ್ಲಿಲ್ಲ.

ಕೊನೆಗೆ ನಮ್ಮ ಮಹಾಪ್ರಬಂಧಗಳ ಕಡೆಗೆ ಬರುವುದಾದರೆ, ಮೇಲಿನ ವಾದಗಳೆಲ್ಲ ಅಲ್ಲಿ ಸ್ವಲ್ಪ ದುಬಾರಿಯೇ ಎನಿಸುತ್ತವೆ. ಒಂದು ತಾಲ್ಲೂಕಿನ ಸ್ವಸಹಾಯ ಸಂಘಗಳ ಮುನ್ನೂರು ಸದಸ್ಯೆಯರಿಗೆ ಪ್ರಶ್ನಾವಳಿ ತುಂಬಿಸಿ, ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಉತ್ತರಗಳ ಶೇಕಡಾವಾರು ಕೋಷ್ಟಕಗಳನ್ನು ಜೋಡಿಸಿ, ಶೀರ್ಷಿಕೆಯಲ್ಲಿ ‘ಒಂದು ಪ್ರಕರಣ ಅಧ್ಯಯನ’ ಎಂದು ಬರೆದರೆ ಅದು ಶ್ರೀನಿವಾಸರ ಆಳವನ್ನೂ ಬ್ಯಾನರ್ಜಿಯವರ ಹೋಲಿಕೆಯನ್ನೂ ಬಿಟ್ಟುಕೊಟ್ಟ ಸಣ್ಣ ಸಮೀಕ್ಷೆಯಾಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಈ ತಾಲ್ಲೂಕನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದಾಗ ‘ನಮ್ಮ ಊರು ಸರ್, ಓಡಾಡಲು ಅನುಕೂಲ’ ಎಂಬ ಉತ್ತರ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಪ್ರಬಂಧದ ಸಾರಲೇಖವನ್ನು (ಸಿನಾಪ್ಸಿಸ್) ಒಪ್ಪಿಕೊಳ್ಳುವ ಸಮಿತಿಗಳು ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಬಹುದು: ಈ ಪ್ರಕರಣವನ್ನು ಯಾವ ಪಟ್ಟಿಯಿಂದ, ಯಾವ ಕಾರಣಕ್ಕೆ ಆಯ್ದುಕೊಳ್ಳಲಾಗಿದೆ, ಮತ್ತು ಕ್ಷೇತ್ರದಲ್ಲಿ ಏನು ಕಂಡರೆ ಸಂಶೋಧಕರು ತಮ್ಮ ಪ್ರಾಕ್ಕಲ್ಪನೆ ತಪ್ಪೆಂದು ಒಪ್ಪುತ್ತಾರೆ. ಇವೆರಡಕ್ಕೂ ಉತ್ತರವಿದ್ದಾಗ ಪ್ರಕರಣ ಅಧ್ಯಯನದಿಂದ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ, ಅವನ್ನು ಬೇರೆಯವರು ಬೇರೆಡೆ ಪರೀಕ್ಷಿಸಲಿ. ಒಂದೇ ಊರನ್ನು ನೋಡಿ ಬರೆದ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಅನ್ವಯಿಸುವ ‘ಸಲಹೆಗಳು ಮತ್ತು ಶಿಫಾರಸುಗಳು’ ಇರಬಾರದು.